ಮಾತ್ರೆ ಚೀಲ ತಗೊಂಡ್ ಬನ್ನಿ

ಹರ್ನಿಯಾ ಕೇಸು ಅದು. ಯಜಮಾನ್ರಿಗೆ ಅರವತ್ತು ದಾಟಿತ್ತು, ಅರಸೀಕೆರೆ ಕಡೆಯವ್ರು, ಸ್ವಲ್ಪ ತೆಂಗು, ಎರಡು ಹಸು. ಟೇಬಲ್ ಮೇಲೆ ಮಲಗಿಸಾಗಿತ್ತು, ಕೈಗೆ ಡ್ರಿಪ್ ಹಾಕಾಗಿತ್ತು, ಮಾನಿಟರ್ ಕಟ್ಟಾಗಿತ್ತು, ಇನ್ನೇನು ಎದ್ದು ಕೂರಿಸಿ ನಾನು ಬೆನ್ನಿಗೆ ಮತ್ತಿನ ಇಂಜೆಕ್ಷನ್ ಕೊಡ್ಬೇಕು ಅಷ್ಟೇ. ಕೇಸ್ ಶೀಟಲ್ಲಿ ಬೇರೆ ಕಾಯಿಲೆ ಅನ್ನೋ ಜಾಗದಲ್ಲಿ "ನಿಲ್" ಅಂತ ಬರೆದು ಕೆಳಗೆ ಗೆರೆ ಬೇರೆ ಎಳೆದಿದ್ರು. ಗ್ಲೌಸ್ ಹಾಕ್ಕೊಳ್ತಾ ಅಭ್ಯಾಸಬಲಕ್ಕೆ ಕೇಳ್ದೆ, ಬೆಳಿಗ್ಗೆ ಏನಾದ್ರೂ ಮಾತ್ರೆ ತಗೊಂಡ್ರಾ ಅಂತ. "ಹೂಂ ಕಣವ್ವ, ರಕ್ತ ತೆಳ್ಳಗಾಗೋದು ಒಂದು, ಇನ್ನೊಂದು ಚಿಕ್ಕದು. ಒಂದ್ ಗುಟುಕು ನೀರಲ್ಲಿ ನುಂಗ್ದೆ, ಯಾವ್ ಕಾರಣಕ್ಕೂ ಬಿಡಬ್ಯಾಡಿ ಅಂದವ್ರಲ್ಲ."

ಹೊರಗಿದ್ದ ಮಗಳನ್ನ ಕರೆಸಿದ್ರೆ ಅವಳ ಬ್ಯಾಗಲ್ಲಿ ಒಂದು ಪ್ಲಾಸ್ಟಿಕ್ ಕವರ್, ಅದರಲ್ಲಿ ಕ್ಲೋಪಿಡೋಗ್ರೆಲ್, ಆಸ್ಪಿರಿನ್, ಅಟೊರ್ವಾಸ್ಟಾಟಿನ್, ಮೆಟೊಪ್ರೊಲಾಲ್. ನಾಲ್ಕು ತಿಂಗಳ ಹಿಂದೆ ಹಾರ್ಟ್ ಅಟ್ಯಾಕ್ ಆಗಿ ಬೆಂಗಳೂರಲ್ಲಿ ಸ್ಟೆಂಟ್ ಹಾಕಿದ್ರಂತೆ. ನಂಗೆ ತಲೆ ಗಿರ್ ಅಂತು. ಯಾಕೆ ಯಜಮಾನ್ರೆ, ಹಾರ್ಟ್ ಪ್ರಾಬ್ಲಮ್ ಇದ್ಯಾ ಅಂತ ಯಾರೂ ಕೇಳ್ಲಿಲ್ವಾ ಅಂದ್ರೆ, "ಕೇಳಿದ್ರು, ಇಲ್ಲ ಅಂದೆ. ಅದನ್ನ ಸರಿ ಮಾಡ್ಬಿಟ್ರಲ್ಲ ಆಗ್ಲೇ?"

ಅವ್ರು ಸುಳ್ಳು ಹೇಳಿರ್ಲಿಲ್ಲ ಅನ್ನೋದೇ ನಂಗೆ ಬಹಳ ದಿನ ಕಾಡಿದ್ದು. ರಿಪೇರಿ ಆದ ಪಂಪ್‌ಸೆಟ್ಟನ್ನ ಕೆಟ್ಟಿದೆ ಅಂತ ಯಾರಾದ್ರೂ ಹೇಳ್ತಾರಾ. ರಕ್ತ ತೆಳ್ಳಗೆ ಮಾಡೋ ಕ್ಲೋಪಿಡೋಗ್ರೆಲ್ ತಗೊಳ್ತಾ ಇರೋರಿಗೆ ಬೆನ್ನಿಗೆ ಸೂಜಿ ಚುಚ್ಚಿದ್ರೆ ಬೆನ್ನುಹುರಿ ಹತ್ರ ರಕ್ತ ಕಟ್ಟಿಕೊಂಡು ಕಾಲು ಸ್ವಾಧೀನ ಹೋಗೋ ಅಪಾಯ ಇದೆ, ಹಾಗಂತ ಮಾತ್ರೆ ನಿಲ್ಲಿಸೋಣ ಅಂದ್ರೆ ನಾಲ್ಕೇ ತಿಂಗಳ ಸ್ಟೆಂಟ್ ಒಳಗೇ ಬ್ಲಾಕ್ ಆಗ್ಬಹುದು. ಅಟ್ಯಾಕ್ ಆಗಿ ಸ್ಟೆಂಟ್ ಹಾಕಿದ್ರೆ ಅರ್ಜೆಂಟ್ ಇಲ್ಲದ ಆಪರೇಷನ್ನ ಒಂದು ವರ್ಷ ಮುಂದೆ ಹಾಕೋದು ಒಳ್ಳೇದು. ಹರ್ನಿಯಾ ಒಳಗೆ ತಳ್ಳಿದ್ರೆ ಹೋಗ್ತಿತ್ತು, ನೋವಿರ್ಲಿಲ್ಲ, ಅರ್ಜೆಂಟ್ ಏನೂ ಇರ್ಲಿಲ್ಲ. ಕೇಸ್ ಕ್ಯಾನ್ಸಲ್. ಹಿಂದಿನ ರಾತ್ರಿಯಿಂದ ಉಪವಾಸ ಇದ್ದ ಮನುಷ್ಯ, ಹಸು ಹಾಲು ಕರೆಯೋಕೆ ಪಕ್ಕದ ಮನೆಯವರಿಗೆ ಹೇಳಿ ಬಂದಿದ್ದವ್ರು, ಸರ್ಜನ್ ಸಿಟ್ಟಲ್ಲಿ ಕ್ಯಾಪ್ ಕಿತ್ತು ಬಿಸಾಕಿ ಹೊರಗೆ ಹೋದ್ರು. ಸರ್ಜನ್ ಸಿಟ್ಟು ನ್ಯಾಯವೇ ಅನ್ಸುತ್ತೆ, ಇದನ್ನ ನಾನು ಹದಿನೈದು ದಿನ ಮುಂಚೆ ಹೇಳ್ಬೇಕಿತ್ತು, ಆದ್ರೆ ನಾನು ಆ ಮನುಷ್ಯನ ಮುಖ ನೋಡಿದ್ದೇ ಆವತ್ತು ಬೆಳಿಗ್ಗೆ ಎಂಟೂವರೆಗೆ.

ನಮ್ಮದು ಜಿಲ್ಲಾ ಕೇಂದ್ರದಿಂದ ದೂರ ಇರೋ ಒಂದು ಟ್ರಸ್ಟ್ ಆಸ್ಪತ್ರೆ, ಹೆಸರು ಬೇಡ. ಅನಸ್ತೇಷಿಯಾಗೆ, ಅಂದ್ರೆ ಮತ್ತು ಕೊಡೋ ಕೆಲಸಕ್ಕೆ, ಖಾಯಂ ಅಂತ ನಾನೊಬ್ಳೇ, ವಾರಕ್ಕೆ ಎರಡು ದಿನ ಇನ್ನೊಬ್ರು ಬರ್ತಾರೆ. ಈ ಹರ್ನಿಯಾ ಆದ್ಮೇಲೆ ಮೀಟಿಂಗ್ ಆಯ್ತು, ಮೀಟಿಂಗಲ್ಲಿ ಯಾವಾಗ್ಲೂ ಆಗೋ ಹಾಗೇ ಒಂದು ದೊಡ್ಡ ನಿರ್ಧಾರ ಆಯ್ತು. ಇನ್ಮುಂದೆ ಆಪರೇಷನ್ ಅಂತ ಬರೆದ ಪ್ರತಿಯೊಬ್ಬರೂ ಪಿಎಸಿಗೆ ಬರ್ಬೇಕು, ನಾನು ನೋಡಿ ಸಹಿ ಹಾಕದೆ ಲಿಸ್ಟಿಗೆ ಹೆಸರು ಹೋಗೋ ಹಾಗಿಲ್ಲ. ಪಿಎಸಿ ಅಂದ್ರೆ ಪ್ರೀ ಅನಸ್ತೆಟಿಕ್ ಚೆಕಪ್, ನಮ್ಮ ಕಡೆ ಜನ "ಮತ್ತು ಬರ್ಸೋ ಡಾಕ್ಟ್ರ ಹತ್ರ ತೋರ್ಸೋದು" ಅಂತಾರೆ. ನಾನೂ ಖುಷಿಯಿಂದಲೇ ಒಪ್ಪಿದ್ದೆ, ಸೇಫ್ ಅಲ್ವಾ ಅಂತ.

ಎರಡೇ ವಾರಕ್ಕೆ ಸಾಕಾಗಿ ಹೋಯ್ತು. ಓಟಿ ಮುಗಿಸಿ ಮೂರು ಗಂಟೆಗೆ ಬಂದ್ರೆ ಬೆಂಚ್ ಮೇಲೆ, ಕಿಟಕಿ ಕಟ್ಟೆ ಮೇಲೆ, ಮೆಟ್ಟಿಲ ಮೇಲೆ ಜನ. ಕಣ್ಣಿನ ಪೊರೆ ಅಜ್ಜಂದಿರು, ಬೆರಳಿನ ಗಂಟು ತೆಗೆಸೋರು, ಎಲ್ರೂ ಒಂದೇ ಸಾಲು. ಸಕಲೇಶಪುರದ ಆಚೆಯಿಂದ ಒಬ್ಳು ಹುಡುಗಿ, ಇಪ್ಪತ್ನಾಲ್ಕೋ ಇಪ್ಪತ್ತೈದೋ ವಯಸ್ಸು, ಭುಜದ ಮೇಲೆ ಸಣ್ಣ ಕೊಬ್ಬಿನ ಗಡ್ಡೆ, ಲೋಕಲಲ್ಲೇ, ಅಂದ್ರೆ ಆ ಜಾಗ ಮಾತ್ರ ಮರಗಟ್ಟಿಸಿ ತೆಗೆಯೋದು. ಎಸ್ಟೇಟ್ ಕೂಲಿ ಬಿಟ್ಟು ಎರಡು ಬಸ್ ಹತ್ತಿ ಬಂದು ಬೆಳಿಗ್ಗೆಯಿಂದ ಕಾದಿದ್ಳು. ನಾನು ನೋಡಿದ್ದು ಮೂರು ನಿಮಿಷ. ಕೇಳೋಕೇ ಏನೂ ಇರ್ಲಿಲ್ಲ ಅವಳ ಹತ್ರ. "ಇಷ್ಟೇನಾ ಮೇಡಂ?" ಅಂದ್ಳು, ಬೈದಿದ್ರೆ ಎಷ್ಟೋ ವಾಸಿ ಇತ್ತು. ಅದೇ ಸಾಲಲ್ಲಿ ಅವಳ ಹಿಂದೆ ನಿಂತಿದ್ದ ಒಬ್ರು ಅಜ್ಜಿಗೆ ನಿಜವಾಗ್ಲೂ ಅರ್ಧ ಗಂಟೆ ಬೇಕಿತ್ತು, ಅವರಿಗೆ ಸಿಕ್ಕಿದ್ದು ಐದು ನಿಮಿಷ, ಯಾಕಂದ್ರೆ ಹಿಂದೆ ಇನ್ನೂ ಹದಿನಾಲ್ಕು ಜನ.

ಇದೇನೂ ಹೊಸ ತಲೆನೋವಲ್ಲ. ಇಂಗ್ಲೆಂಡಿನ ಸೌತೆಂಡ್‌ನಲ್ಲಿ ಆಲ್ಫ್ರೆಡ್ ಲೀ ಅನ್ನೋ ಅನಸ್ತೆಟಿಸ್ಟ್ 1949ರಲ್ಲೇ ಬರೆದಿದ್ದಾರೆ, ಆಪರೇಷನ್‌ಗೆ ಮುಂಚೆ ಅನಸ್ತೇಷಿಯಾದವ್ರಿಗೇ ಒಂದು ಓಪಿಡಿ ಇರ್ಬೇಕು ಅಂತ. ಅದಕ್ಕೂ ಮುಂಚೆ 1941ರಲ್ಲಿ ಅಮೆರಿಕದವ್ರು ರೋಗಿಗಳನ್ನ ದರ್ಜೆ ಮಾಡಿದ್ರು, ಅದೇ ಈಗಿನ ಎಎಸ್ಎ ಗ್ರೇಡು, ಒಂದು ಅಂದ್ರೆ ಪೂರ್ತಿ ಆರೋಗ್ಯವಂತ, ಎರಡು ಅಂದ್ರೆ ಕಂಟ್ರೋಲಲ್ಲಿರೋ ಬಿಪಿ ಶುಗರ್ ಥರದ್ದು, ಮೂರು ಅಂದ್ರೆ ಕಾಯಿಲೆ ಜೋರಾಗೇ ಇದೆ, ಹೀಗೆ. ನಾನು ಮೊದಲು ಅಂದ್ಕೊಂಡಿದ್ದು ಇಷ್ಟೇ, ಒಂದು ಎರಡು ಇರೋರು ಆಪರೇಷನ್ ದಿನಾನೇ ಬರ್ಲಿ, ಮೂರು ಮತ್ತೆ ಮೇಲಿನವ್ರು ಮುಂಚೆ ಬರ್ಲಿ. ಕಾಗದದ ಮೇಲೆ ಚೆನ್ನಾಗೇ ಇದೆ. ಆದ್ರೆ ಆ ಗ್ರೇಡು ಕೊಡೋಕೆ ರೋಗೀನ ಯಾರೋ ನೋಡಿರ್ಬೇಕು, ಕೇಳಿರ್ಬೇಕು. ನಮ್ಮ ಹರ್ನಿಯಾ ಯಜಮಾನ್ರು ಶೀಟ್ ಪ್ರಕಾರ ಗ್ರೇಡ್ ಒಂದು.

ಹಾಗಾಗಿ ಪ್ರಶ್ನೆ ಪಟ್ಟಿ ಮಾಡೋಣ ಅಂತ ಕೂತ್ವಿ, ನಾನು ಮತ್ತೆ ನಮ್ಮ ಸರ್ಜಿಕಲ್ ಓಪಿಡಿ ಸಿಸ್ಟರ್. ಸರ್ಜನ್ ಆಪರೇಷನ್ ಅಂತ ಬರೆದ ತಕ್ಷಣ, ರೋಗಿ ಇನ್ನೂ ಅಲ್ಲೇ ಇರುವಾಗ್ಲೇ ಸಿಸ್ಟರ್ ಹತ್ತು ನಿಮಿಷ ಕೂತು ಕೇಳೋದು, ಆಮೇಲೆ ಮೂರು ಗುಡ್ಡೆ ಮಾಡೋದು. ಮುಂಚೆ ಬರೋದು ಬೇಡದೋರು ಒಂದು ಗುಡ್ಡೆ, ನಾನು ಫೋನಲ್ಲಿ ಮಾತಾಡಿದ್ರೆ ಸಾಕು ಅನ್ನೋರು ಇನ್ನೊಂದು, ವಾರಕ್ಕೆ ಮುಂಚೆ ಬರ್ಲೇಬೇಕು ಅನ್ನೋರು ಮೂರನೇದು.

ಮೊದಲ ಪಟ್ಟಿ ನಾನೇ ಒಂದು ಭಾನುವಾರ ಕೂತು ಬರೆದಿದ್ದೆ. "ನಿಮಗೆ ಹೃದಯ ಸಂಬಂಧಿ ಕಾಯಿಲೆ ಇದೆಯೇ, ಅಧಿಕ ರಕ್ತದೊತ್ತಡ ಇದೆಯೇ, ಮಧುಮೇಹ ಇದೆಯೇ, ಉಸಿರಾಟದ ತೊಂದರೆ ಇದೆಯೇ." ಸಿಸ್ಟರ್ ಓದಿ ಏನೂ ಅನ್ಲಿಲ್ಲ, ಸುಮ್ನೆ ನಾಲ್ಕು ದಿನ ಕೇಳಿ ತಂದು ಕೊಟ್ರು. ಎಲ್ಲಾ ಶೀಟಲ್ಲೂ ಇಲ್ಲ, ಇಲ್ಲ, ಇಲ್ಲ, ಇಲ್ಲ. ಆಮೇಲೆ ಹೇಳಿದ್ರು, "ಮೇಡಂ, ಇದನ್ನ ಕೇಳಿದ್ರೆ ಯಾರಾದ್ರೂ ಇಲ್ಲ ಅಂತಾನೇ ಅನ್ನೋದು. ಆಪರೇಷನ್ ಮಾಡಲ್ಲ ಅಂದ್ಬಿಟ್ರೆ ಅಂತ ಭಯ ಇರುತ್ತೆ ಅವ್ರಿಗೆ." ಜೊತೆಗೆ ಬಿಪಿ ವಿಷಯ ಬೇರೆ. ಬಿಪಿ ಐತಾ ಅಂದ್ರೆ ಇಲ್ಲ. ಮಾತ್ರೆ ತಗೊಳ್ತೀರಾ ಅಂದ್ರೆ ಹೂಂ. ಮತ್ತೆ ಇಲ್ಲ ಅಂದ್ರಲ್ಲಾ? "ಮಾತ್ರೆ ತಗೊಂಡ್ಮೇಲೆ ಇಲ್ಲ." ಸರಿಯಾಗೇ ಇದೆ ಉತ್ತರ, ಪ್ರಶ್ನೆನೇ ತಪ್ಪು.

ಅಲ್ಲಿಂದ ಸಿಸ್ಟರ್ ಹೇಳ್ತಾ ಹೋದ್ರು, ನಾನು ಬರೀತಾ ಹೋದೆ. ಕಾಯಿಲೆ ಹೆಸರು ಕೇಳೋದೇ ಬಿಟ್ವಿ. ಮೊದಲನೇ ಪ್ರಶ್ನೆ, ದಿನಾ ನುಂಗೋ ಮಾತ್ರೆ ಎಲ್ಲಾ ಚೀಲದ ಸಮೇತ ತೋರ್ಸಿ, ಇಲ್ಲ ಅಂದ್ರೆ ಮನೆಗೆ ಫೋನ್ ಮಾಡಿ ಫೋಟೋ ತರ್ಸಿ. ಈ ಒಂದು ಪ್ರಶ್ನೆ ಅರ್ಧ ಕೆಲಸ ಮುಗಿಸ್ತು. ಮಾತ್ರೆ ಶೀಟ್ ಸುಳ್ಳು ಹೇಳಲ್ಲ. ಥೈರಾಯ್ಡು, ಫಿಟ್ಸು, ಉಬ್ಬಸ, ಮಾನಸಿಕ ಕಾಯಿಲೆ ಮಾತ್ರೆ, ಯಾವ್ದನ್ನೂ ಬಾಯಲ್ಲಿ ಹೇಳದವ್ರು ಚೀಲದಲ್ಲಿ ತಂದಿರ್ತಾರೆ. ಡಾಪಾಗ್ಲಿಫ್ಲೋಜಿನ್ ಅನ್ನೋ ಶುಗರ್ ಮಾತ್ರೆ ನೋಡಿ, 2020ರಲ್ಲಿ ಪೇಟೆಂಟ್ ಮುಗಿದು ಅಗ್ಗ ಆದ್ಮೇಲೆ ಹಳ್ಳಿ ಹಳ್ಳಿಗೂ ಬಂದಿದೆ, ಅದನ್ನ ಆಪರೇಷನ್‌ಗೆ ಮೂರು ದಿನ ಮುಂಚೆ ನಿಲ್ಲಿಸ್ಬೇಕು, ಇಲ್ಲಾಂದ್ರೆ ಉಪವಾಸ ಇದ್ದಾಗ ಶುಗರ್ ನಾರ್ಮಲ್ ತೋರಿಸ್ತಾನೇ ಒಳಗೆ ರಕ್ತ ಆಸಿಡ್ ಆಗಿರ್ಬಹುದು. ಇದು ಹಿಂದಿನ ರಾತ್ರಿ ಗೊತ್ತಾದ್ರೆ ಏನೂ ಪ್ರಯೋಜನ ಇಲ್ಲ. ಕೆಲವ್ರ ಚೀಲದಲ್ಲಿ ಹೆಸರಿಲ್ಲದ ಪೊಟ್ಟಣ ಇರುತ್ತೆ, ಉಬ್ಬಸಕ್ಕೆ, ಮಂಡಿನೋವಿಗೆ ಅಂತ ಯಾರೋ ಕೊಟ್ಟ ಪುಡಿ. ತಗೊಂಡ ಅರ್ಧ ದಿನಕ್ಕೆ ನೋವು ಮಾಯ ಆಗಿ, ಮುಖ ದಪ್ಪ ಆಗ್ತಾ ಇದ್ರೆ ಒಳಗೆ ಸ್ಟೀರಾಯ್ಡ್ ಇರ್ಬಹುದು ಅಂತ ಲೆಕ್ಕ, ಅಂಥೋರು ಸೀದಾ ಮೂರನೇ ಗುಡ್ಡೆಗೆ.

ಎರಡನೇದು ದಮ್ಮು. ಪುಸ್ತಕದಲ್ಲಿ ಇರೋದು, ಎರಡು ಅಂತಸ್ತು ಮೆಟ್ಟಿಲನ್ನ ನಿಲ್ಲದೆ ಹತ್ತೋಕೆ ಆಗುತ್ತಾ ಅಂತ. ಹತ್ತೋಕೆ ಆದ್ರೆ ಹಾರ್ಟು ಶ್ವಾಸಕೋಶ ಎರಡೂ ಆಪರೇಷನ್ ತಡ್ಕೊಳ್ಳುತ್ತೆ ಅಂತ ಒಂದು ಅಂದಾಜು. ನಮ್ಮ ಕಡೆ ಎಷ್ಟೋ ಮನೇಲಿ ಮೆಟ್ಟಿಲೇ ಇಲ್ಲ. "ನಮ್ದು ಹೆಂಚಿನ ಮನೆ ಕಣಮ್ಮ" ಅಂತಾರೆ. ಆಮೇಲೆ ಕೇಳೋಕೆ ಶುರು ಮಾಡಿದ್ವಿ, ಬೋರ್‌ವೆಲ್ಲಿಂದ ತುಂಬಿದ ಬಿಂದಿಗೆ ಸೊಂಟದ ಮೇಲಿಟ್ಕೊಂಡು ಬರ್ತೀರಾ, ಮಧ್ಯ ಇಳಿಸ್ತೀರಾ? ಶ್ರವಣಬೆಳಗೊಳದ ಬೆಟ್ಟ ಹತ್ತಿದ್ರಾ, ಯಾವಾಗ, ಜೊತೆಯವರ ಸಮಕ್ಕೇ ಹತ್ತಿದ್ರಾ ಇಲ್ಲ ಹಿಂದೆ ಬಿದ್ರಾ? ಹೋದ ವರ್ಷ ಮಾಡ್ತಿದ್ದ ಯಾವ ಕೆಲಸ ಈ ವರ್ಷ ಬಿಟ್ಟಿದೀರಾ? ಈ ಕೊನೇದು ಸಿಸ್ಟರ್ ಪ್ರಶ್ನೆ, ನನ್ನ ಪ್ರಕಾರ ಇಡೀ ಪಟ್ಟಿಯಲ್ಲಿ ಬೆಸ್ಟು. ಮೊದ್ಲೆಲ್ಲಾ ನಾನು ನೋಡಿದ ತಕ್ಷಣ ಹೇಳ್ತಿದ್ದೆ, ಈ ಮನುಷ್ಯ ಗಟ್ಟಿಮುಟ್ಟಾಗಿದ್ದಾನೆ ಬಿಡಿ ಅಂತ. ಆ ಜಂಬ ಇಳಿಸಿದ್ದು 2018ರ ಒಂದು ದೊಡ್ಡ ಅಧ್ಯಯನ, ಕೆನಡಾ, ಇಂಗ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಸೇರಿ 1,401 ರೋಗಿಗಳು. ನಿಜವಾಗ್ಲೂ ದಮ್ಮು ಕಮ್ಮಿ ಇದ್ದವ್ರಲ್ಲಿ ಡಾಕ್ಟ್ರ ಕಣ್ಣಂದಾಜಿಗೆ ಸಿಕ್ಕಿಬಿದ್ದಿದ್ದು ನೂರಕ್ಕೆ ಹತ್ತೊಂಬತ್ತು ಜನ ಮಾತ್ರ. ಹನ್ನೆರಡು ಸರಳ ಪ್ರಶ್ನೆಗಳ ಒಂದು ಪಟ್ಟಿನೇ ಮುಂದೆ ಯಾರಿಗೆ ತೊಂದರೆ ಆಗ್ಬಹುದು ಅನ್ನೋದನ್ನ ಹೇಳೋಕೆ ಅದಕ್ಕಿಂತ ಉಪಯೋಗಕ್ಕೆ ಬಂತು. ಮನೆಗೆಲಸ ಮಾಡ್ತೀರಾ, ದಿಣ್ಣೆ ಹತ್ತೀರಾ ಅಂಥ ಪ್ರಶ್ನೆಗಳು.

ಇದರಲ್ಲೂ ಒಂದು ಗುಂಡಿ ಇದೆ, ನಾನೇ ಬಿದ್ದೆ. ಮಂಡಿ ಬದಲಾಯಿಸೋಕೆ ಬಂದ ಅಜ್ಜಿ, ಏದುಸಿರು ಬರುತ್ತಾ ಅಂದ್ರೆ ಇಲ್ಲವೇ ಇಲ್ಲ. ಬರೋದಾದ್ರೂ ಹೇಗೆ, ಎರಡು ವರ್ಷದಿಂದ ಮಂಚದಿಂದ ಬಚ್ಚಲಿಗೆ, ಬಚ್ಚಲಿಂದ ಮಂಚಕ್ಕೆ. ನಡೆಯದೋರಿಗೆ ಏದುಸಿರು ಬರಲ್ಲ. ಹಾಗಾಗಿ ಮಂಡಿ, ಸೊಂಟದ ಆಪರೇಷನ್‌ನವ್ರು ಏನೇ ಉತ್ತರ ಕೊಟ್ರೂ ಮುಂಚೆ ಬರ್ಲೇಬೇಕು ಅಂತ ಮಾಡಿದ್ವಿ. ಶುಗರ್ ಹತ್ತು ಹದಿನೈದು ವರ್ಷ ಹಳೇದಾದವ್ರೂ ಅಷ್ಟೇ, ಅವ್ರಿಗೆ ಎದೆನೋವೇ ಗೊತ್ತಾಗದ ಹಾಗೆ ಹಾರ್ಟ್ ತೊಂದರೆ ಆಗಿರ್ಬಹುದು.

ಬಾಯಿ ವಿಷಯ ಸ್ವಲ್ಪ ಜಾಸ್ತಿ ಹೇಳ್ಬೇಕು, ಯಾಕಂದ್ರೆ ಇದು ನಮ್ಮ ಸೀಮೆಯದ್ದೇ ಕಾಯಿಲೆ. ಒಬ್ಬ ಡ್ರೈವರ್, ಮೂವತ್ತೆರಡು ವರ್ಷ, ಪಿತ್ತಕೋಶದಲ್ಲಿ ಕಲ್ಲು. ಬಿಪಿ ಇಲ್ಲ ಶುಗರ್ ಇಲ್ಲ, ರಕ್ತ, ಇಸಿಜಿ, ಎಕ್ಸ್‌ರೇ ಎಲ್ಲಾ ಚಿನ್ನ. ಬಾಯಿ ತೆಗಿಯಪ್ಪ ಅಂದ್ರೆ ಒಂದು ಬೆರಳು ಹೋಗೋದೂ ಕಷ್ಟ. ಹನ್ನೆರಡು ವರ್ಷದಿಂದ ಪಾನ್ ಮಸಾಲಾ, ಜರ್ದಾ. ಗುಟ್ಕಾ 2013ರಲ್ಲೇ ಕರ್ನಾಟಕದಲ್ಲಿ ಬ್ಯಾನ್ ಆಯ್ತು, ಈಗ ಮಸಾಲಾ ಒಂದು ಪ್ಯಾಕೆಟ್, ತಂಬಾಕು ಇನ್ನೊಂದು ಪ್ಯಾಕೆಟ್, ಅಂಗಡಿಯವ್ನು ಎರಡೂ ಒಟ್ಟಿಗೇ ಕೊಡ್ತಾನೆ. ಅಡಿಕೆ ಜಗಿದು ಜಗಿದು ಕೆನ್ನೆ ಒಳಗೆ ಹಗ್ಗದ ಥರ ಗಟ್ಟಿ ಪಟ್ಟಿ ಕಟ್ಟಿಕೊಳ್ಳುತ್ತೆ, ದವಡೆ ಬಿಡಲ್ಲ. ಪಿತ್ತಕೋಶ ಲ್ಯಾಪ್ರೋಸ್ಕೋಪಿಗೆ ಪೂರ್ತಿ ಮತ್ತು ಕೊಟ್ಟು ಗಂಟಲಿಗೆ ಟ್ಯೂಬ್ ಹಾಕ್ಲೇಬೇಕು, ಬಾಯೇ ತೆರೆಯಲ್ಲ ಅಂದ್ರೆ ಎಲ್ಲಿಂದ ಹಾಕೋದು? ಮತ್ತು ಕೊಟ್ಟ ಮೇಲೆ ಗೊತ್ತಾಗಿದ್ರೆ ಆ ಹುಡುಗ ಉಸಿರಿಲ್ಲದೆ ಹೋಗ್ತಿದ್ದ, ಉತ್ಪ್ರೇಕ್ಷೆ ಅಲ್ಲ. ಎಚ್ಚರ ಇರುವಾಗ್ಲೇ ಮೂಗಿಂದ ಕ್ಯಾಮೆರಾ ಇಳಿಸಿ ಟ್ಯೂಬ್ ಹಾಕ್ಬೇಕು, ಆ ಸ್ಕೋಪ್ ನಮ್ಮಲ್ಲಿಲ್ಲ, ದೊಡ್ಡ ಆಸ್ಪತ್ರೆಗೆ ಬರೆದುಕೊಟ್ಟೆ.

ಯಾವ ರಕ್ತ ಪರೀಕ್ಷೆಯಲ್ಲೂ ಸಿಗದ ಇದನ್ನ ಸಿಸ್ಟರ್ ಈಗ ಹತ್ತು ಸೆಕೆಂಡಲ್ಲಿ ಹಿಡೀತಾರೆ. ನಿಮ್ಮದೇ ಮೂರು ಬೆರಳು ನಿಲ್ಲಿಸಿ ಬಾಯಿಗೆ ಹಾಕಿ ತೋರ್ಸಿ, ಅಷ್ಟೇ. ಮೂರು ಹೋಗ್ಲಿಲ್ಲ ಅಂದ್ರೆ ವಯಸ್ಸು ಎಷ್ಟೇ ಇರ್ಲಿ ಮುಂಚೆ ನನ್ನ ಹತ್ರ. ಆಮೇಲೆ ನಾಲಿಗೆ ಹೊರಗೆ ಚಾಚಿಸಿ ಕಿರುನಾಲಿಗೆ ಎಷ್ಟು ಕಾಣುತ್ತೆ ಅಂತ ನೋಡಿ ಟ್ಯೂಬ್ ಹಾಕೋದು ಎಷ್ಟು ಕಷ್ಟ ಅಂತ ಅಂದಾಜು ಮಾಡೋ ಪರೀಕ್ಷೆ ನಾನು ಮಾಡೋದು, ಅದನ್ನ 1985ರಲ್ಲಿ ಕೊಟ್ಟವ್ರು ಆಂಧ್ರ ಮೂಲದ ಮಲ್ಲಂಪಾಟಿ ಅನ್ನೋ ಡಾಕ್ಟ್ರು, ಪ್ರಪಂಚದಲ್ಲಿ ಎಲ್ಲಿ ಹೋದ್ರೂ ಅನಸ್ತೇಷಿಯಾದವ್ರು ದಿನಾ ಅವರ ಹೆಸರು ಬರೀತಾರೆ, ಇದು ನಂಗೆ ಯಾಕೋ ಸಣ್ಣ ಹೆಮ್ಮೆ.

ಗೊರಕೆ ಪ್ರಶ್ನೆ ಹೆಂಡ್ತಿಗೆ. ಗಂಡನಿಗೆ ಕೇಳಿದ್ರೆ ಯಾವತ್ತೂ ಇಲ್ಲ. "ಮಧ್ಯ ಮಧ್ಯ ಗೊರಕೆ ನಿಂತು ಉಸಿರೇ ಇಲ್ದಂಗೆ ಆಗ್ತದಾ ಅಮ್ಮ?" ಅಂದ್ರೆ ಆಯಮ್ಮ ಇಪ್ಪತ್ತು ವರ್ಷದ ಸಿಟ್ಟೆಲ್ಲಾ ಹೇಳ್ಕೊಳ್ತಾರೆ. ನಿದ್ದೇಲಿ ಉಸಿರು ನಿಲ್ಲೋ ಕಾಯಿಲೆ ಇದ್ಯಾ ಅಂತ ಹಿಡಿಯೋಕೆ ಸ್ಟಾಪ್ ಬ್ಯಾಂಗ್ ಅಂತ 2008ರಲ್ಲಿ ಟೊರೊಂಟೊದವ್ರು ಮಾಡಿದ ಎಂಟು ಪ್ರಶ್ನೆ ಇದೆ, ಅದರಲ್ಲಿ ಕತ್ತಿನ ಸುತ್ತಳತೆನೂ ಒಂದು, ನಮ್ಮ ಸಿಸ್ಟರ್ ಟೇಲರ್ ಟೇಪ್ ಇಟ್ಕೊಂಡಿದ್ದಾರೆ ಡ್ರಾಯರಲ್ಲಿ.

ಇನ್ನೊಂದು, ಮನೇಲಿ ಯಾರಿಗಾದ್ರೂ ಆಪರೇಷನ್ ಆದ್ಮೇಲೆ ಎಚ್ಚರ ಆಗೋದು, ಉಸಿರು ಬರೋದು ಬಹಳ ತಡ ಆಗಿತ್ತಾ? ಇದನ್ನ ದಕ್ಷಿಣದಲ್ಲಿ ಕೇಳೋಕೆ ಒಂದು ಕಾರಣ ಇದೆ, ಆರ್ಯವೈಶ್ಯ ಸಮುದಾಯದ ಕೆಲವು ಮನೆತನಗಳಲ್ಲಿ ರಕ್ತದಲ್ಲಿ ಒಂದು ಎಂಜೈಮ್ ಕಮ್ಮಿ ಇರುತ್ತೆ, ಟ್ಯೂಬ್ ಹಾಕೋಕೆ ಕೊಡೋ ಒಂದು ಔಷಧಿ ಬೇರೆಯವ್ರಿಗೆ ಹತ್ತು ನಿಮಿಷದೊಳಗೆ ಇಳಿದ್ರೆ ಇವ್ರಿಗೆ ಗಂಟೆಗಟ್ಟಲೆ ಇಳಿಯಲ್ಲ. ಮಿಕ್ಕಂತೆ ಅವ್ರು ಪೂರ್ತಿ ಆರೋಗ್ಯವಂತರು. ಮುಂಚೆ ಗೊತ್ತಿದ್ರೆ ಆ ಔಷಧಿ ಮುಟ್ಟಲ್ಲ, ಬೇರೆ ಕೊಡ್ತೀವಿ, ಕಥೆ ಮುಗೀತು. ಜಾತಿ ಕೇಳಿದ ಹಾಗಾಗುತ್ತೆ ಅಂತ ಮೊದಲು ಸಂಕೋಚ ಆಗಿತ್ತು, ಅದಕ್ಕೇ ಎಲ್ರಿಗೂ ಮನೆಯವರ ಆಪರೇಷನ್ ಬಗ್ಗೆನೇ ಕೇಳೋದು.

ಇಷ್ಟೆಲ್ಲಾ ರೋಗಿ ಕಡೆದು. ಆಪರೇಷನ್ ಎಂಥದ್ದು ಅನ್ನೋದೂ ಅಷ್ಟೇ ಮುಖ್ಯ. ಕಣ್ಣಿನ ಪೊರೆ ತಗೊಳ್ಳಿ, ಬಿಪಿ ಶುಗರ್ ಎಲ್ಲಾ ಇರೋ ಎಂಬತ್ತರ ಅಜ್ಜಂದಿರು, ಗ್ರೇಡ್ ನೋಡಿದ್ರೆ ಮೂರು. ಆದ್ರೆ ಹನಿ ಹಾಕಿ ಹದಿನೈದು ಇಪ್ಪತ್ತು ನಿಮಿಷದಲ್ಲಿ ಮುಗಿಯೋ ಕೆಲಸ. 2000ದಲ್ಲಿ ಅಮೆರಿಕ ಕೆನಡಾದಲ್ಲಿ 18 ಸಾವಿರಕ್ಕೂ ಹೆಚ್ಚು ಜನರ ಮೇಲೆ ನೋಡಿದ್ರು, ಪೊರೆ ಆಪರೇಷನ್‌ಗೆ ಮುಂಚೆ ಎಲ್ಲಾ ಟೆಸ್ಟ್ ಮಾಡಿಸಿದವ್ರಿಗೂ ಮಾಡಿಸದವ್ರಿಗೂ ತೊಂದರೆ ಆಗಿದ್ದು ಒಂದೇ ಸಮ. ಹಾಗಾಗಿ ಪೊರೆಯವ್ರು, ಮಲಗೋಕೆ ಆಗುತ್ತೆ, ಕೆಮ್ಮಿಲ್ಲ ಅಂದ್ರೆ ನನ್ನ ಹತ್ರ ಬರೋದೇ ಬೇಡ. ಅದೇ ದೊಡ್ಡ ಗಳಗಂಡ, ಕರುಳಿನ ಆಪರೇಷನ್, ರಕ್ತ ಹೋಗೋ ಯಾವುದೇ ಕೇಸು, ಇಪ್ಪತ್ತೈದು ವರ್ಷದವ್ರಾದ್ರೂ ಬರ್ಬೇಕು.

ಗರ್ಭಕೋಶ ತೆಗೆಯೋ ಕೇಸಂತೂ ಒಂದು ವಾರ ಮುಂಚೆ ಬಂದ್ರೂ ಸಾಲಲ್ಲ ಅನ್ನೋದು ತಡವಾಗಿ ಗೊತ್ತಾಯ್ತು. ತಿಂಗಳು ತಿಂಗಳು ಜಾಸ್ತಿ ಮುಟ್ಟು ಹೋಗಿ ಹೋಗಿ ಹಿಮೋಗ್ಲೋಬಿನ್ ಏಳು ಎಂಟಕ್ಕೆ ಬಂದಿರುತ್ತೆ, ಅವ್ರು ಓಡಾಡ್ಕೊಂಡೇ ಇರ್ತಾರೆ, ಮನೆಕೆಲಸ, ದನದ ಕೆಲಸ ಎಲ್ಲಾ ಮಾಡ್ಕೊಂಡು. ಹಿಂದಿನ ದಿನ ಗೊತ್ತಾದ್ರೆ ಎರಡು ಬಾಟ್ಲಿ ರಕ್ತ ಹುಡುಕು ಅಂತ ಗಂಡನ್ನ ಬ್ಲಡ್ ಬ್ಯಾಂಕಿಗೆ ಓಡ್ಸೋದು. ಮೂರು ನಾಲ್ಕು ವಾರ ಮುಂಚೆ ಗೊತ್ತಾದ್ರೆ ಕಬ್ಬಿಣದ ಡ್ರಿಪ್ ಹಾಕಿ ಕಳಿಸ್ಬಹುದು. ಈಗ ಸರ್ಜರಿ ಅಂತ ಬರೆದ ದಿನವೇ ಅವ್ರದ್ದೊಂದು ಹಿಮೋಗ್ಲೋಬಿನ್ ಮಾತ್ರ ಮಾಡಿಸ್ತೀವಿ.

ಹಾಗಂತ ಎಲ್ರೂ ಒಪ್ಕೊಂಡ್ರು ಅಂತಲ್ಲ. ಸರ್ಜನ್‌ಗೆ ಸಿಸ್ಟರ್ ಕೇಳೋ ಹತ್ತು ನಿಮಿಷವೂ ತಡವೇ. "ಫಿಸಿಶಿಯನ್ ಫಿಟ್‌ನೆಸ್ ಕೊಟ್ಟಿದ್ದಾರಲ್ಲ, ಇನ್ನೇನು?" ಅಂತಾರೆ. ಈ ಫಿಟ್‌ನೆಸ್ ಅನ್ನೋ ಪದ ಕಂಡ್ರೆ ನಂಗೆ ಆಗಲ್ಲ. ಇಸಿಜಿ ನೋಡಿ "ಫಿಟ್ ಫಾರ್ ಸರ್ಜರಿ" ಅಂತ ಸೀಲ್ ಒತ್ತೋದು ಹಸುಗೆ ಕಿವಿಗೆ ಓಲೆ ಹಾಕಿದ ಹಾಗೆ, ನೋಂದಣಿ ಆಯ್ತು ಅಷ್ಟೇ, ಹಾಲು ಎಷ್ಟು ಕೊಡುತ್ತೆ ಅಂತ ಅದರಿಂದ ಗೊತ್ತಾಗಲ್ಲ. ಆಯುಷ್ಮಾನ್ ಕಾರ್ಡಿನವ್ರದ್ದು ಬೇರೆ ಅವಸರ, ಅಪ್ರೂವಲ್ ಬಂದ ತಕ್ಷಣ ಅಡ್ಮಿಟ್ ಮಾಡ್ಬೇಕು ಅಂತ ಆಫೀಸಿನವ್ರು ಹಿಂದೆ ಬೀಳ್ತಾರೆ.

ಫೋನ್ ಗುಡ್ಡೆ ಸುಲಭ ಅಂದ್ಕೊಂಡಿದ್ದೆ, ಅದೂ ಅಲ್ಲ. ಶೀಟಲ್ಲಿರೋ ನಂಬರ್ ಬೆಂಗಳೂರಲ್ಲಿರೋ ಮಗನದ್ದು. "ಅಪ್ಪ ಆರಾಮಾಗಿದ್ದಾರೆ ಮೇಡಂ, ಏನೂ ಪ್ರಾಬ್ಲಮ್ ಇಲ್ಲ." ಅವ್ನು ಅಪ್ಪನ್ನ ನೋಡಿದ್ದು ಯುಗಾದಿಗೆ. ಈಗ ನಿಯಮ ಒಂದೇ, ಮನೇಲಿ ಮಾತ್ರೆ ಎತ್ತಿಕೊಡೋದು ಯಾರೋ ಅವ್ರ ನಂಬರ್ ಬರ್ಕೊಳ್ಳೋದು. ಬಹುತೇಕ ಸೊಸೆ. ಸೊಸೆಯಂದಿರಿಗೆ ಎಲ್ಲಾ ಗೊತ್ತಿರುತ್ತೆ, ರಾತ್ರಿ ಎಷ್ಟು ಸಲ ಏಳ್ತಾರೆ, ಎಷ್ಟು ದಿಂಬು ಹಾಕ್ಕೊಳ್ತಾರೆ, ಯಾವ ಮಾತ್ರೆ ಕದ್ದು ಬಿಸಾಕ್ತಾರೆ, ಎಲ್ಲಾನೂ.

ತಪ್ಪಿದ್ದೂ ಇದೆ. ಇಪ್ಪತ್ತೆಂಟು ವರ್ಷದ ಹೆಣ್ಣುಮಗಳು, ಎದೇಲಿ ಸಣ್ಣ ಗಂಟು, ಎಲ್ಲಾ ಪ್ರಶ್ನೆಗೂ ಸರಿಯಾದ ಉತ್ತರ, ಮೂರು ಬೆರಳು ಹೋಗಿದೆ, ಮಾತ್ರೆ ಚೀಲ ಖಾಲಿ. ಮೊದಲನೇ ಗುಡ್ಡೆ, ಮುಂಚೆ ಬರೋದು ಬೇಡ. ಗುಡ್ಡೆ ಯಾವುದಾದ್ರೂ ಆಗ್ಲಿ, ಆಪರೇಷನ್ ದಿನ ಬೆಳಿಗ್ಗೆ ಪ್ರತಿಯೊಬ್ಬರನ್ನೂ ನಾನು ನೋಡೇ ನೋಡ್ತೀನಿ, ಅದು ಯಾವತ್ತೂ ತಪ್ಪಲ್ಲ, ಮುಂಚೆ ಬರೋದು ಬೇಡ ಅಂದ್ರೆ ನೋಡೋದೇ ಬೇಡ ಅಂತಲ್ಲ. ಆವತ್ತು ಸ್ಟೆತಾಸ್ಕೋಪ್ ಇಟ್ಟಾಗ ಎರಡು ಬಡಿತದ ಮಧ್ಯ ಗುಡುಗುಡು ಅಂತ ಒಂದು ಸದ್ದು. ಎಕೋ ಮಾಡಿಸಿದ್ರೆ ಹಾರ್ಟಿನ ಮೈಟ್ರಲ್ ವಾಲ್ವ್ ಚೆನ್ನಾಗೇ ಕಿರಿದಾಗಿತ್ತು. ಸುಸ್ತು ಆಗ್ತಿರ್ಲಿಲ್ವಾ ಅಂದ್ರೆ, "ಎರಡನೇ ಮಗು ಆದ್ಮೇಲಿಂದ ಆಗ್ತದೆ, ಅದು ಎಲ್ರಿಗೂ ಆಗೋದೇ ಅಲ್ವಾ ಅಂತ ಅತ್ತೆ ಅಂದ್ರು." ಚಿಕ್ಕೋಳಿದ್ದಾಗ ಜ್ವರ ಬಂದು ಮಂಡಿ ಮೊಣಕೈ ಊದಿತ್ತಂತೆ, ಒಂದಷ್ಟು ದಿನ 21 ದಿನಕ್ಕೊಂದು ಇಂಜೆಕ್ಷನ್ ಹಾಕಿಸಿದ್ರಂತೆ, ಆಮೇಲೆ ಮದುವೆ ಆಯ್ತು, ಇಂಜೆಕ್ಷನ್ ಬಿಟ್ರಂತೆ. ರುಮ್ಯಾಟಿಕ್ ಜ್ವರ, ಚಿಕ್ಕಂದಿನಲ್ಲಿ ಬಂದು ಹಾರ್ಟಿನ ವಾಲ್ವ್ ಕೆಡಿಸಿ ಹೋಗೋದು. ನಮ್ಮ ಪಟ್ಟಿಯಲ್ಲಿ ಅದನ್ನ ಕೇಳೋ ಪ್ರಶ್ನೆನೇ ಇರ್ಲಿಲ್ಲ, ಇಂಗ್ಲಿಷ್ ಪಟ್ಟಿಗಳಿಂದ ಎತ್ತಿದ್ದಲ್ವಾ ಅರ್ಧ, ಅಲ್ಲಿ ಈ ಕಾಯಿಲೆ ಬಹಳ ಕಮ್ಮಿ ಆಗಿದೆ. ಗಂಟು ಹಾಗೇ ಬಿಟ್ಟು ಮೊದಲು ಹಾರ್ಟಿಗೆ ಕಳಿಸಿದ್ವಿ. ಮಾರನೇ ದಿನ ಸಿಸ್ಟರ್ ಮುಖ ಸಣ್ಣ ಮಾಡ್ಕೊಂಡು ಬಂದ್ರು, ನಾನು ಕೇಳಿದ್ರೂ ಅವಳು ಹೇಳ್ತಿದ್ಳೋ ಇಲ್ವೋ ಅಂತ. ತಪ್ಪು ಅವರದಲ್ಲ, ಪಟ್ಟಿ ಮಾಡಿದವಳು ನಾನು. 21 ದಿನದ ಇಂಜೆಕ್ಷನ್ ಪ್ರಶ್ನೆ ಆವತ್ತೇ ಸೇರ್ತು.

ಹರ್ನಿಯಾ ಯಜಮಾನ್ರು ಮುಂದಿನ ವರ್ಷ ಬಂದ್ರು, ಹಾರ್ಟ್ ಡಾಕ್ಟ್ರ ಪತ್ರ ತಗೊಂಡು, ಹೇಳಿದ ಹಾಗೆ ಕ್ಲೋಪಿಡೋಗ್ರೆಲ್ ಏಳು ದಿನ ಮುಂಚೆ ನಿಲ್ಲಿಸಿ, ಆಸ್ಪಿರಿನ್ ಮುಂದುವರಿಸಿ. ಅರ್ಧ ಗಂಟೆ ಕೂತು ಮಾತಾಡಿದ್ವಿ, ಅರ್ಧ ಹೊತ್ತು ಹಸು ವಿಷಯ. ಬೆನ್ನಿಗೇ ಕೊಟ್ಟೆ, ಮೂರನೇ ದಿನ ಮನೆಗೆ ಹೋದ್ರು.

ಮೊನ್ನೆ ಪಟ್ಟಿ ಹೊಸದಾಗಿ ಪ್ರಿಂಟ್ ಹಾಕ್ಸಿದ್ವಿ, ಐನೂರು ಕಾಪಿ, ಆಡಳಿತದವ್ರು ಕಾಸು ಕೊಡೋಕೆ ಎರಡು ತಿಂಗಳು ಎಳೆದಾಡಿ. ಅದು ಬಂದ ವಾರಕ್ಕೇ ಒಬ್ರು ಟೀಚರ್, ಪಿತ್ತಕೋಶದ ಕಲ್ಲು, ಮಾತ್ರೆ ಏನೂ ಇಲ್ಲ ಅಂದ್ರು, ಚೀಲ ತೋರ್ಸಿ ಅಂದ್ರೆ ಚೀಲವೂ ಇಲ್ಲ. ಎದ್ದು ಹೋಗ್ತಾ ಸಿಸ್ಟರ್ ಹತ್ರ ಸುಮ್ನೆ ಹೇಳಿದ್ರಂತೆ, ಆರು ತಿಂಗಳಲ್ಲಿ ಹದಿನಾಲ್ಕು ಕೆಜಿ ಇಳಿಸಿದೀನಿ, ವಾರಕ್ಕೊಂದು ಸೂಜಿ ಅಷ್ಟೇ ಅಂತ. 2025ರ ಮಾರ್ಚಲ್ಲಿ ಮೌಂಜಾರೋ ಅನ್ನೋ ತೂಕ ಇಳಿಸೋ ಸೂಜಿ ಇಲ್ಲಿಗೆ ಬಂದ್ಮೇಲೆ ನಮ್ಮೂರಿನ ಮೆಡಿಕಲ್ ಸ್ಟೋರ್ ಫ್ರಿಜ್ಜಲ್ಲೂ ಇದು ಕೂತಿದೆ. ಹೊಟ್ಟೆ ಖಾಲಿ ಆಗೋದನ್ನೇ ನಿಧಾನ ಮಾಡೋ ಔಷಧಿ, ಎಂಟು ಗಂಟೆ ಉಪವಾಸ ಇದ್ರೂ ಹೊಟ್ಟೇಲಿ ಊಟ ಇರ್ಬಹುದು, ಮತ್ತು ಕೊಟ್ಟಾಗ ಅದು ಮೇಲೆ ಬಂದು ಶ್ವಾಸಕೋಶಕ್ಕೆ ಹೋದ್ರೆ ನ್ಯುಮೋನಿಯಾ. ವಾರದ ಡೋಸ್ ಒಂದು ವಾರ ಮುಂಚೆ ನಿಲ್ಲಿಸಿ ಅಂತ 2023ರಲ್ಲಿ ಅಮೆರಿಕದವ್ರು ಹೇಳಿದ್ರು, ಮಾರನೇ ವರ್ಷ ಎಲ್ರಿಗೂ ನಿಲ್ಲಿಸಬೇಕಿಲ್ಲ, ಒಬ್ಬೊಬ್ಬರನ್ನ ನೋಡಿ ತೀರ್ಮಾನ ಮಾಡಿ ಅಂದ್ರು. ನೋಡಿ ಅಂದ್ರೆ ಮತ್ತೆ ನನ್ನ ಹತ್ರ ಬರ್ಬೇಕು ಅಂತ.

ಸಿಸ್ಟರ್ ಈಗ ಬಿಡುವಾದಾಗೆಲ್ಲಾ ಆ ಐನೂರು ಶೀಟಲ್ಲೂ ಮೊದಲನೇ ಪ್ರಶ್ನೆ ಪಕ್ಕ ಕೆಂಪು ಪೆನ್ನಲ್ಲಿ "ವಾರದ ಸೂಜಿ?" ಅಂತ ಬರೀತಾ ಕೂತಿದ್ದಾರೆ. ನಿನ್ನೆ ಹೊತ್ತಿಗೆ ಇನ್ನೂರು ದಾಟಿತ್ತು.